ಟಿವಿಗಾಗಿ ಕೊಟ್ಟ ಕಂಬಳಿ

"ಕಂಬಳಿಗಳನ್ನೆಲ್ಲ ವಾಪಸ್ ತನ್ನಿ!" ಮಂತ್ರಿಯ ಸಹಾಯಕ ಕೂಗಿದ. "ಟಿವಿಯವರು ಈಗ ಬಂದವ್ರೆ. ಇನ್ನೊಂದ್ಸಲ ಕೊಡ್ತೀವಿ."

ಎನೆಲೆಸಿ ಮೊಮ್ಮಗನನ್ನು ಕಂಬಳಿಯೊಳಗೆ ಇನ್ನಷ್ಟು ಒತ್ತಿಕೊಂಡಳು. ಶಿರೆ ನದಿ ಮನೆಯನ್ನು ಕೊಚ್ಚಿಕೊಂಡು ಹೋದಂದಿನಿಂದ ಈ ಶಾಲೆಯ ನೆಲವೇ ಅವರ ಹಾಸಿಗೆ. ಚಳಿಜ್ವರದಲ್ಲಿದ್ದ ಮಗು ಯಾಮಿಕಾನಿಯ ಹಲ್ಲು ಕಟಕಟ ಎನ್ನುವುದು ಬೆಳಿಗ್ಗೆ ಈ ಕಂಬಳಿ ಸಿಕ್ಕ ಮೇಲೆಯೇ ನಿಂತಿತ್ತು.

ಟಿವಿ ಕೇಂದ್ರದಲ್ಲಿ ಕೆಟ್ಟುಹೋಗದೆ ಉಳಿದಿದ್ದ ಕ್ಯಾಮೆರಾ ಒಂದೇ. ಅದು ಬರುವ ಗಾಡಿಗೆ ಪೆಟ್ರೋಲನ್ನು ಕರೆಸಿಕೊಂಡವರೇ ಹಾಕಿಸಬೇಕು. ಮಂತ್ರಿಯ ಕಡೆಯವರು ಹಾಕಿಸುವಷ್ಟರಲ್ಲಿ ತಡವಾಗಿ, ಹಂಚಿ ಮುಗಿದ ಮೇಲೆ ಗಾಡಿ ಬಂದಿತ್ತು.

"ಮಗೀಗೆ ಈಗ ತಾನೇ ನಿದ್ದೆ ಹತ್ತಿದೆ ಸ್ವಾಮಿ. ನಂದೊಂದು ಬಿಟ್ಬಿಡಿ."

"ಒಂದ್ ಗಳಿಗೆ ಕಣಜ್ಜಿ. ನಿನ್ ಕಂಬಳೀನೇನು ತಿಂದ್ಹಾಕ್ತೀವಾ?"

ಕ್ಯಾಮೆರಾ ಹಿಡಿದ ಗಿಫ್ಟನ್ ಅವಳನ್ನೇ ಆರಿಸಿದ. "ಈ ಅಜ್ಜಿ ಇರ್ಲಿ. ಮಗು ಬೇರೆ ಐತೆ."

ಮಂತ್ರಿ ಮಗುವಿಗೆ ಕಂಬಳಿ ಹೊದಿಸಿದರು. ಬೆಳಕು ಸಾಲಲಿಲ್ಲವೆಂದು ತೆಗೆದು, ಮತ್ತೆ ಹೊದಿಸಿದರು. ಮಗು ಎಚ್ಚರಗೊಂಡು ಚೀರಿತು.

"ನಗಜ್ಜಿ ಸ್ವಲ್ಪ. ಸಾವಿನ ಮನೇಲಿ ನಿಂತಂಗೆ ನಿಂತಿದೀಯಲ್ಲ!" ಎಂದ ಗಿಫ್ಟನ್.

ನಕ್ಕರೆ ಬೇಗ ಮುಗಿದೀತೆಂದು ಎನೆಲೆಸಿ ನಕ್ಕಳು. ಬಾಯಿ ತುಂಬ ನಕ್ಕಳು.

ಮುಗಿಯಿತು. ಸಹಾಯಕ ಮಗುವಿನ ಮೈಮೇಲಿಂದ ಕಂಬಳಿ ಎಳೆದು ಮಡಚಿದ. ಉಳಿದವನ್ನೂ ಗಾಡಿಗೆ ತುಂಬಿಸಿದ.

"ಅಯ್ಯೋ, ಅದು ನಂಗೆ ಕೊಟ್ಟಿದ್ದು!"

"ಕೊಟ್ಟಿದ್ದಾಯ್ತಲ್ಲ, ದೇಶಾನೇ ನೋಡುತ್ತೆ. ಮುಂದಿನ ಶಿಬಿರದಲ್ಲೂ ಕೊಡೋದು ತೋರಿಸ್ಬೇಕು. ನಿಮಗೆ ಸಂಜೆ ಲಾರಿ ಬರುತ್ತೆ."

ಲಾರಿ ಬರಲಿಲ್ಲ. ಮರುದಿನ ಇಳಿಹೊತ್ತಿಗೆ ಎನೆಲೆಸಿ ಮಗುವನ್ನು ಒದ್ದೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಫ್ಯಾಕ್ಸನ್‌ನ ಅಂಗಡಿಗೆ ಹೋದಳು. ಅಲ್ಲಿ ಬ್ಯಾಟರಿಗೆ ಸಿಕ್ಕಿಸಿದ ಟಿವಿಯ ಮುಂದೆ ಜನ ಕೂತಿದ್ದರು. ವಾರ್ತೆ ಎಂದಿನಂತೆ ಮಂತ್ರಿಯಿಂದಲೇ ಶುರುವಾಗಿತ್ತು.

"ಒಂದು ಹಳೇ ಗೋಣಿಚೀಲ ಇದ್ರೆ ಕೊಡಪ್ಪಾ. ಮಗು ನಡುಗ್ತಾ ಐತೆ."

ಫ್ಯಾಕ್ಸನ್ ಟಿವಿ ನೋಡಿದ, ಅವಳನ್ನು ನೋಡಿದ. "ಲೇ, ಇದೇ ಅಜ್ಜಿ ಕಣ್ರೋ! ಎಂಥಾ ಕಂಬಳಿ ಅದು! ಆಗ್ಲೇ ಮಾರ್ಕೊಂಡ್ಯಾ?"

"ಇಲ್ಲಪ್ಪಾ, ಅವರೇ ಕಿತ್ಕೊಂಡ್ರು..."

"ಕಿತ್ಕೊಂಡ್ರಂತೆ! ಅಗೋ, ಹೆಂಗೆ ನಗ್ತಾ ಇದೀಯ ನೋಡು!"

ಜನ ಬಿದ್ದು ಬಿದ್ದು ನಕ್ಕರು. ಚೀಲಗಳ ರಾಶಿ ಫ್ಯಾಕ್ಸನ್‌ನ ಕಾಲ ಬಳಿಯೇ ಇತ್ತು. ಅವನು ಅದರ ಮೇಲೆ ಕಾಲು ಚಾಚಿಕೊಂಡು ಮತ್ತೆ ಟಿವಿಯ ಕಡೆ ತಿರುಗಿದ.

ಪರದೆಯ ಮೇಲೆ ಮಂತ್ರಿ ಯಾಮಿಕಾನಿಗೆ ಕುತ್ತಿಗೆಯವರೆಗೂ ಕಂಬಳಿ ಹೊದಿಸುತ್ತಿದ್ದರು. ಎನೆಲೆಸಿಯ ಬೆನ್ನಿಗೆ ಒತ್ತಿಕೊಂಡಿದ್ದ ಪುಟ್ಟ ಹಲ್ಲುಗಳು ಮತ್ತೆ ಕಟಕಟ ಎನ್ನತೊಡಗಿದವು.