ಎರಡು ತಲೆಯ ಸಿಂಹ

ದೋಣಿ ಕ್ಲಬ್ಬಿನಲ್ಲಿ ಸಿಕ್ಸ್ಟನ್ ಬಾಯಿ ತೆರೆದನೆಂದರೆ ಜನ ಬಿಯರ್ ತುಂಬಿಸಿಕೊಳ್ಳಲು ಏಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಆದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಬಾಯಿಗೆ ಬೀಗ ಹಾಕುವವರು ಯಾರು? ತನ್ನೂರು ಗೋಥೆನ್‌ಬರ್ಗಿನ ಲಾಂಛನದ ಸಿಂಹ ಅವನ ಮನೆದೇವರು. ತಲೆಗೆ ಕಿರೀಟ, ಒಂದು ಕೈಯಲ್ಲಿ ಎತ್ತಿದ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಎಲ್ಲ ಸರಿ, ಆದರೆ ಬೇರೆ ಊರುಗಳ ಸಿಂಹಗಳು ನೋಡುವ ದಿಕ್ಕಿಗೆ ಇದು ಬೆನ್ನು ಹಾಕಿದೆ. ಓಡಿಹೋಗುತ್ತಿದೆ ಎಂದು ರಾಜಧಾನಿ ಸ್ಟಾಕ್‌ಹೋಮಿನವರು ನಗುತ್ತಾರೆ. ಶತ್ರು ಯಾವ ಕಡೆಯಿಂದ ಬರುತ್ತಾನೋ ಆ ಕಡೆಗೇ ತಾನೇ ನೋಡಬೇಕು ಎಂದು ಸಿಕ್ಸ್ಟನ್ ವಾದಿಸುತ್ತಾನೆ, ಯಾರೂ ಕೇಳದಿದ್ದಾಗಲೂ.

ಇಷ್ಟು ಶೂರನಾದವನು ಮೈವೋರಳ ಮುಂದೆ ಮಾತ್ರ ಬೆಕ್ಕಿನ ಮರಿ. ಗಂಡ ಸತ್ತ ಮೇಲೆ ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ಅವಳು. ಪ್ರತಿ ಭಾನುವಾರ ಅವಳ ಎದುರು ಕೂತು ಕಾಫಿ ಕುಡಿದು, ಲಾಂಛನದ ಕಥೆ ಹೇಳಿ, ಹೇಳಬೇಕಾದ್ದನ್ನು ನುಂಗಿಕೊಂಡು ಮನೆಗೆ ಬರುತ್ತಿದ್ದ. ಈಗ ಮಾಲ್ಮೋದಲ್ಲಿರುವ ಅವಳ ತಂಗಿ ಅಲ್ಲೇ ಅವಳಿಗೊಂದು ಮನೆ ನೋಡಿದ್ದಳು. ಆಗಸ್ಟಿನ ಸೀಗಡಿ ಊಟದ ಮರುದಿನ ಮೈವೋರ್ ಉತ್ತರ ಕೊಡಬೇಕಿತ್ತು. ಊಟದ ದಿನ ಕ್ಲಬ್ಬಿನ ಹೊಸ ಧ್ವಜ ಏರಿದ ಕೂಡಲೇ 'ಹೋಗಬೇಡ' ಎನ್ನುವುದೆಂದು ಸಿಕ್ಸ್ಟನ್ ನಿಶ್ಚಯಿಸಿದ್ದ. ಧ್ವಜದ ಚಿತ್ರ ಅವನದು, ಹೊಲಿಗೆ ಅವಳದು.

"ಬಟ್ಟೆ ತೆಳು, ಸಿಕ್ಸ್ಟನ್. ಒಂದೇ ಸಿಂಹ ಸಾಕು," ಎಂದು ಅವಳು ಮೊದಲೇ ಹೇಳಿದ್ದಳು.

"ಆಗ ಹಿಂದಿನಿಂದ ನೋಡಿದೋರಿಗೆ ಅದು ಆ ಕಡೆ ತಿರುಗಿರತ್ತೆ. ಸ್ಟಾಕ್‌ಹೋಮಿನವರ ಸಿಂಹ ಆಗಿಬಿಡತ್ತೆ. ಬಟ್ಟೆಯ ಎರಡೂ ಬದಿಗೆ ಒಂದೊಂದು ಸಿಂಹ ಹೊಲಿ, ಬೆನ್ನಿಗೆ ಬೆನ್ನು ಸೇರಿಸು."

ಅವಳು ಹೊಲಿದಳು. ಊಟದ ಸಂಜೆ ಎಲ್ಲರೂ ವಾಡಿಕೆಯಂತೆ ಕಾಗದದ ಟೋಪಿ ಹಾಕಿ, ಸಬ್ಬಸಿಗೆಯಲ್ಲಿ ಬೇಯಿಸಿದ ಸೀಗಡಿಯ ತಟ್ಟೆಗಳನ್ನು ಬಿಟ್ಟು ಕಂಬದ ಬಳಿ ಬಂದರು. ಧ್ವಜ ಏರಿತು, ಗಾಳಿಗೆ ಬಿಚ್ಚಿಕೊಂಡಿತು. ಅದರ ಹಿಂದೆ ಇಳಿಬಿಸಿಲು. ಬೆಳಕಿಗೆ ಹಿಂಬದಿಯ ಸಿಂಹವೂ ಮುಂದಿನದರ ಮೇಲೆ ಮೂಡಿತು. ಎರಡು ತಲೆ, ಎರಡು ದಿಕ್ಕು, ಎರಡೂ ಬದಿಗೆ ಎತ್ತಿದ ಕತ್ತಿಗಳು, ಎಣಿಸಲಾಗದಷ್ಟು ಕಾಲು.

"ಏಡಿ ಚೆನ್ನಾಗಿ ಬಂದಿದೆ ಮೇಷ್ಟ್ರೇ," ಎಂದ ಟೋರ್ಗ್ನಿ. ಕ್ಲಬ್ಬಿನಲ್ಲಿ ಯಾರ ಕಾಲೆಳೆಯಬೇಕಾದರೂ ಅವನೇ ಮುಂದು. "ಓಡೋದು ಯಾವ ಕಡೆ ಅಂತ ಅದಕ್ಕೇ ಗೊತ್ತಿಲ್ಲ ಪಾಪ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸಿಕ್ಸ್ಟನ್ ಗಂಟಲು ಸರಿಮಾಡಿಕೊಂಡು ಲಾಂಛನಶಾಸ್ತ್ರದ ನಿಯಮ ಶುರುಮಾಡಿದ. ಗುರಾಣಿಯ ಎಡಬಲಗಳನ್ನು ಅದನ್ನು ಹಿಡಿದವನ ಕಡೆಯಿಂದ ಎಣಿಸಬೇಕು ಎನ್ನುವಷ್ಟರಲ್ಲಿ ಜನ ಸೀಗಡಿಯತ್ತ ಹೊರಟಾಗಿತ್ತು. ಉಳಿದವಳು ಮೈವೋರ್ ಒಬ್ಬಳೇ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಇಡೀ ಊರಿನ ಸಿಂಹಕ್ಕೆ ವಕಾಲತ್ತು ವಹಿಸಿದ ಈ ಮುದಿ ಗೂಬೆಗೆ ತನ್ನ ಒಂದು ಮಾತು ಹೇಳಲು ಬಾಯಿಲ್ಲ. ಟೋಪಿಯ ದಾರ ಗದ್ದಕ್ಕೆ ಒತ್ತುತ್ತಿತ್ತು. ಅವನು ಧ್ವಜವನ್ನೇ ನೋಡುತ್ತ ಹೇಳಿದ:

"ಹೋಗಬೇಡ."

"ಯಾರಿಗೆ ಹೇಳ್ತಿದೀಯ? ಏಡಿಗಾ?" ಮೈವೋರ್ ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಈಗ ಹೇಳು."

"ಹೋಗಬೇಡ. ನೀನಿಲ್ಲದೆ ನಂಗಾಗಲ್ಲ."

"ತಡ ಮಾಡಿದೆ. ಬೆಳಿಗ್ಗೇನೇ ತಂಗಿಗೆ ಫೋನ್ ಮಾಡಿ ಹೂಂ ಅಂದ್ಬಿಟ್ಟೆ." ಅವನ ಮುಖ ನೋಡಿ ದನಿ ತಗ್ಗಿಸಿದಳು. "ಎರಡು ಕೋಣೆ ಇದೆಯಂತೆ. ಬರ್ತೀಯಾ?"

ಸಿಕ್ಸ್ಟನ್ ಗೊಣಗಿದ: "ಮಾಲ್ಮೋದ ಲಾಂಛನದಲ್ಲಿ ಹದ್ದಿನ ಮೂತಿಯ ಮೃಗ. ಅದೂ ಬರೀ ತಲೆ."

"ಒಳ್ಳೇದೇ ಆಯ್ತು," ಎಂದಳು ಮೈವೋರ್. "ಓಡಿಹೋಗೋಕೆ ಕಾಲಿಲ್ಲ."

ಅದಕ್ಕೆ ಯಾವ ನಿಯಮವೂ ಅವನಿಗೆ ನೆನಪಾಗಲಿಲ್ಲ. ಬರ್ತೀನಿ ಎಂದ.