ಎರಡು ಗೇಣಿನ ಚೀಲ

ಅಲ್ಲ, ಒಂದು ರಾತ್ರಿಗೆ ಇವಳಿಗೆ ಚೀಲ ಯಾಕೆ ಬೇಕು — ಬಾಯವ್ವನ ಸೂಜಿ ಹಳೆಯ ಜಮಖಾನೆಯ ದಪ್ಪ ಅಂಚಿನಲ್ಲಿ ಸಿಕ್ಕಿಕೊಂಡಿತು, ಎಳೆದಳು, ಅತ್ತಿ, ನಾಳಿ ಸಿರಸಂಗಿಗೆ ಹೋಗಿ ನಾಡದ ಬರತೇನ್ರಿ, ಒಂದು ಚೀಲಾ ಹೊಲದು ಕೊಡ್ರಿ ಅಂದಿದ್ದಳು ಸೊಸೆ ಶಟ್ಟೆವ್ವ, ಎರಡು ಗೇಣು ಅಗಲ, ಎರಡು ಗೇಣು ಎತ್ತರ, ಮ್ಯಾಲ ಗುಂಡಿ ಇರಲಿ, ಗುಂಡಿ ಯಾಕಂತೆ, ಮೂರು ವರ್ಷ ಗಂಟು ಕಟ್ಟಿಕೊಂಡೇ ತವರಿಗೆ ಹೋಗಿ ಬಂದವಳಿಗೆ ಈಗ ಬಾಯಿ ಮುಚ್ಚುವ ಚೀಲ ಬೇಕಾಗಿದೆ, ಒಳಗೇನಿದೆಯೆಂದು ಯಾರಿಗೂ ಕಾಣಬಾರದು, ಬಾಯವ್ವ ಏನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿಲ್ಲ, ನಿನ್ನೆ ಹಗ್ಗದ ಮೇಲೆ ಇವಳ ಇದ್ದಬದ್ದ ಸೀರೆಯೆಲ್ಲ ಒಣಗುತ್ತಿದ್ದವು, ಪಕ್ಕದ ಮನೆಯ ರಾಚವ್ವ ಬೇರೆ ಗೋಡೆಯ ಮೇಲಿಂದ ಇಣುಕಿ, ಏನವಾ, ಸೊಸಿ ಮನಿ ಖಾಲಿ ಮಾಡಾಕತ್ತಾಳೇನ ಎಂದು ನಕ್ಕಳು — ಈ ಹುಡುಗಿ ಬಂದ ಮೇಲೆ ಉಂಡೆಯಾ ಎಂದು ಕೇಳುವವರಿದ್ದಾರೆ, ಮೊಣಕಾಲಿಗೆ ಎಣ್ಣೆ ತಿಕ್ಕುವವರಿದ್ದಾರೆ, ಇವಳು ಹೋಗಿ ಅಲ್ಲೇ ಕೂತರೆ ಉಳಿಯುವವನು ಮಗ ಸೋಮಪ್ಪ, ಡ್ಯಾಮಿನ ಕೆಲಸ ಮುಗಿಸಿ ಕುಡಿದು ಬರುವವನು, ಅವನ ಜೊತೆ ಏನು ಮಾತು.

ಅದಕ್ಕೇ ಹೇಳಿದ ಅಳತೆಗಿಂತ ಒಂದು ಎಳೆ ಹೆಚ್ಚು ಕೊಡಬಾರದೆಂದು ಗಟ್ಟಿ ಮಾಡಿಕೊಂಡಿದ್ದಳು, ಒಂದು ಸೀರೆ, ಒಂದು ಕುಪ್ಪಸ, ಮುಗೀತು, ಹೋದವಳು ಬಟ್ಟೆಗಾದರೂ ತಿರುಗಿ ಬರಬೇಕು. ಗುಂಡಿ ಹಚ್ಚುವ ಮೊದಲು ನೋಡೋಣವೆಂದು ತನ್ನದೊಂದು ಸೀರೆ ತುರುಕಿದಳು, ಹಿಡಿಯಿತು, ಇನ್ನೊಂದು, ಅದೂ ಹಿಡಿಯಿತು, ಮೂರನೆಯದೂ ಹೋಯಿತು, ಇನ್ನೂ ಒಳಗೆ ಕೈಯಾಡುತ್ತದೆ, ಅಯ್ಯ ನನ್ನ ಬುದ್ಧಿಗಿಷ್ಟು ಮಣ್ಣು ಹಾಕ, ಗೇಣು ಯಾರದು, ಹುಡುಗಿಯದು ಸಣ್ಣ ಬಳೆ ಹೊಗುವ ಕೈ, ಬಾಯವ್ವನದು ಕುಡುಗೋಲು ಹಿಡಿದು ಹಿಡಿದು ಮೊರದಷ್ಟಾದ ಕೈ, ತನ್ನ ಗೇಣಿನಲ್ಲೇ ಕತ್ತರಿಸಿ ಹೊಲಿದಿದ್ದಾಳೆ, ಬಿಚ್ಚಬೇಕು, ಎರಡೂ ಕಡೆ ನಾಲ್ಕು ಬೆರಳು ಒಳಗೆ ಹಿಡಿದರೆ ಆದೀತು, ಬಟ್ಟೆಯ ಮೇಲೆ ಬೆರಳಿಟ್ಟಳು — ಸೋಮವಾರ ಶಟ್ಟೆವ್ವ ನೀರು ಹಾಕಿಕೊಳ್ಳುವಾಗ ತೋಳಿನ ಮೇಲೆ ನಾಲ್ಕು ಬೆರಳು, ನೀಲಿ, ಏನಾತವಾ, ಬಾಗಲಾ ಬಡದೈತ್ರಿ ಅತ್ತಿ, ಬಾಗಿಲಿಗೆ ಬೆರಳಿರುತ್ತವೆಯೆ, ಬಾಯವ್ವ ಮತ್ತೆ ಕೇಳಲಿಲ್ಲ, ಹಿಂದಿನ ರಾತ್ರಿ ಗೋಡೆಯಾಚೆಯ ಸಪ್ಪಳ ಕೇಳಿಯೂ ಕೇಳದವಳಂತೆ ಮಗ್ಗಲು ಬದಲಿಸಿದ್ದಳು, ಈಗ ಕತ್ತರಿ ಕೈಯಲ್ಲಿದೆ, ಒಂದು ಎಳೆ ಕತ್ತರಿಸಿದರೆ ಹೊಲಿಗೆ ಬಿಚ್ಚುತ್ತದೆ, ಅತ್ತಿ, ಚೀಲಾ ಆತೇನ್ರಿ, ಅಡುಗೆಮನೆಯಿಂದ ಶಟ್ಟೆವ್ವ, ಆತವಾ, ಸ್ವಲ್ಪ ದೊಡ್ಡದಾತು, ಇರಲಿ, ನಿನ್ನ ಸೀರಿ ಎಲ್ಲಾ ಹಿಡಸ್ತಾವ, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಬಾಯವ್ವ ಕತ್ತರಿ ಕೆಳಗಿಟ್ಟು ಗುಂಡಿ ತೆಗೆದುಕೊಂಡಳು, ಸೂಜಿಗೆ ದಾರ ಪೋಣಿಸಲು ಹೋದಳು, ದಾರ ಹೋಗಲಿಲ್ಲ, ಆ ತೋಳು, ನೀಲಿಗಟ್ಟಿದ ನಾಲ್ಕು ಬೆರಳು, ಮಗನ ಬೆರಳು, ತನ್ನ ಬೆರಳಿನಷ್ಟೇ ಅಗಲ, ನಾಲ್ಕು ಬೆರಳು.