ಮಂಗಕ್ಕೆ ಅಂಗಿ ತೊಡಿಸಿದವನು

ಈ ಬೋರ್ನಿಯೊ ದ್ವೀಪದಲ್ಲಿ ಬೇರೆಯವರು ಏನು ಮಾಡುತ್ತಾರೋ ನನಗೆ ಬೇಡ. ನಾವು ಪೆನಾನರು ಪ್ರಾಣಿಗಳನ್ನು ಬೇಟೆಯಾಡುತ್ತೇವೆ, ತಿನ್ನುತ್ತೇವೆ, ಆದರೆ ಅವನ್ನು ಗೇಲಿ ಮಾಡಿ ನಗುವುದಿಲ್ಲ. ನಕ್ಕರೆ ಗುಡುಗಿನ ದೇವರು ಕೆರಳುತ್ತಾನೆ. ಎಳೆ ಮಕ್ಕಳಿಗೂ ಗೊತ್ತಿರುವ ಈ ಮಾತು ನನ್ನ ಅಳಿಯ ಜಾಲೊಂಗ್‌ಗೆ ಮರೆತುಹೋಯಿತು.

ಮರ ಕಡಿಯುವ ಕಂಪನಿಯೊಂದರಲ್ಲಿ ಅವನು ಕೆಲಸಕ್ಕಿದ್ದ. ಅಲ್ಲಿನ ಮ್ಯಾನೇಜರ್ ಒಂದು ಮಂಗಕ್ಕೆ ಕೆಂಪು ಅಂಗಿ ತೊಡಿಸಿ, ಹಗ್ಗ ಕಟ್ಟಿ, ನಮ್ಮ ಗುಡಿಸಲುಗಳ ಮುಂದೆ ಎಳೆದು ತಂದು ಕುಣಿಸಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಾವೆಲ್ಲ ನೆಲ ನೋಡುತ್ತ ನಿಂತೆವು.

"ಏನ್ರೋ, ಯಾರಾದ್ರೂ ಸತ್ತಿದಾರಾ? ನಗ್ರೋ!" ಎಂದ.

ಜಾಲೊಂಗ್ ನಕ್ಕ. ಬಾಲವಿದ್ದಿದ್ದರೆ ಅದನ್ನೂ ಅಲ್ಲಾಡಿಸುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು. ಕತ್ತಿ ತಂದು ಹಗ್ಗ ಕತ್ತರಿಸಿದೆ. ಮಂಗ ಅಂಗಿಯ ಸಮೇತ ಮರ ಹತ್ತಿತು.

ಸಂಜೆಗೆ ಮಳೆ ಹಿಡಿಯಿತು. ಅದು ನಿಲ್ಲಬೇಕಾದರೆ, ನಮ್ಮ ಕಟ್ಟಳೆಯಂತೆ, ನಕ್ಕವನು ತನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು, ತನ್ನ ಕೂದಲು ಕೊಯ್ದು ಸುಟ್ಟು, ಆ ವಾಸನೆಯನ್ನು ಗುಡುಗಿಗೆ ಮುಟ್ಟಿಸಬೇಕು. ಜಾಲೊಂಗ್ ಹಾಗೇ ಮಾಡಿದ. ಆದರೂ ಮಳೆ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ ಗುಡ್ಡ ಕುಸಿದು, ಬುಡದಲ್ಲಿದ್ದ ನಮ್ಮ ಸಾಗೊ ತಾಳೆಗಳನ್ನೆಲ್ಲ ನುಂಗಿತ್ತು. ಮೊಮ್ಮಕ್ಕಳಿಗೆಂದು ನನ್ನ ಗಂಡ ಗುರುತು ಹಾಕಿ ಕಾಯ್ದಿಟ್ಟ ತಾಳೆಗಳವು. ಅವುಗಳ ತಿರುಳಿನ ಹಿಟ್ಟೇ ನಮ್ಮ ಮೂರು ಹೊತ್ತಿನ ಊಟ. ಆ ಗುಡ್ಡದಲ್ಲಿ ಒಂದು ಮರವನ್ನೂ ಬಿಡದೆ ಬೋಳಿಸಿದ್ದು ಅದೇ ಕಂಪನಿ.

ಎಲ್ಲರೂ ಸೇರಿ ಮ್ಯಾನೇಜರನ ಕೋಣೆಗೆ ನುಗ್ಗಿದೆವು.

"ನಮ್ಮ ತಾಳೆ ಹೋಯ್ತಲ್ಲೋ, ಏನ್ ತಿನ್ನೋಣ?" ಎಂದೆ.

ಅವನು ಬಾಯಿ ತೆರೆಯುವ ಮೊದಲೇ ಜಾಲೊಂಗ್ ತಲೆ ತಗ್ಗಿಸಿ, "ತಪ್ಪು ನಂದು. ಮಂಗನ್ನ ನೋಡಿ ನಕ್ಕೆ" ಎಂದುಬಿಟ್ಟ.

ಮ್ಯಾನೇಜರನ ಮುಖ ಅರಳಿತು. "ಕೇಳಿಸ್ತಾ ಅಜ್ಜಿ? ನಿಮ್ಮ ದೇವ್ರಿಗೆ ಸಿಟ್ಟು ಬಂತು, ಗುಡ್ಡ ಬೀಳಿಸ್ದ. ನಿಮ್ಮೋನೇ ಒಪ್ಕೊಂಡ. ಇದ್ರಲ್ಲಿ ಕಂಪನೀದೇನಿದೆ?"

ನಿನ್ನೆಯವರೆಗೆ ನಮ್ಮ ದೇವರ ಹೆಸರೆತ್ತಿದರೆ ಹಲ್ಲು ಕಿರಿಯುತ್ತಿದ್ದವನು! ನನ್ನ ಮೈಯೆಲ್ಲ ಉರಿಯಿತು. ಅಳಿಯನ ಗದ್ದ ಹಿಡಿದು ಎತ್ತಿದೆ.

"ತಲೆ ಎತ್ತೋ ದಡ್ಡ. ನೀನ್ ನಕ್ಕಿದ್ದಕ್ಕೆ ಬಂದಿದ್ದು ಮಳೆ. ಮಳೆ ನಮ್ಮಜ್ಜನ ಕಾಲ್ದಲ್ಲೂ ಬಂದಿತ್ತು. ಆಗ್ಯಾಕೆ ಗುಡ್ಡ ಬೀಳ್ಲಿಲ್ಲ? ಮಣ್ಣು ಹಿಡ್ಕೊಳ್ಳೋಕೆ ಬೇರು ಇದ್ವು. ಆ ಬೇರು ಕಿತ್ತೋನು ಇಲ್ಲಿ ಕುರ್ಚಿ ಮೇಲೆ ಕೂತಿದಾನೆ."

ಆಮೇಲೆ ಮ್ಯಾನೇಜರನ ಕಡೆ ತಿರುಗಿದೆ. "ನಮ್ಮ ದೇವ್ರು ಬೇಕಾ ನಿಂಗೆ? ಹಾಗಾದ್ರೆ ಅವನ ಕಟ್ಟಳೆನೂ ಬೇಕು. ಅಂಗಿ ತೊಡಿಸಿದ್ದು ನೀನು, ಮೊದ್ಲು ನಕ್ಕಿದ್ದೂ ನೀನು. ಒಪ್ಕೋ. ಕೂದ್ಲು ಕೊಡು." ಸೊಂಟದಿಂದ ಕತ್ತಿ ತೆಗೆದೆ.

ಅವನು ನಗಲು ನೋಡಿದ. ಜೊತೆಗೆ ಯಾರೂ ನಗಲಿಲ್ಲ. ಕುರ್ಚಿ ಸರಿಸಿ ಏಳಹೊರಟ.

ಜಾಲೊಂಗ್ ಕಂಪನಿಯ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಬಾಗಿಲು ಮುಚ್ಚಿ, ಅದಕ್ಕೆ ಅಡ್ಡವಾಗಿ ನಿಂತ.

"ಕೂತ್ಕೊಳ್ಳಿ ಸಾರ್," ಎಂದ. "ನಮ್ಮತ್ತೆ ಕೈ ನಡುಗಲ್ಲ."